ನಡಾವಳಿಯಲ್ಲಿ ದಾಖಲಾದ ನಗು

ಮಾರ್ಚ್ 3, ಬೆಳಗ್ಗೆ 6.20

ಮತ್ತೆ ಪ್ರೂಫ್. ಪುಟ 212ರವರೆಗೆ ಬಂದೆ. ಕಣ್ಣುರಿ. ಸದನದಲ್ಲಿ ನಲವತ್ತು ವರ್ಷ ಆಡಿದ ಮಾತನ್ನೆಲ್ಲ ಪುಸ್ತಕ ಮಾಡುತ್ತಿದ್ದಾರೆ. ಅಧಿವೇಶನದ ಕೊನೆಯ ದಿನ ಬಿಡುಗಡೆ.

ಇವಳು ಕಟ್ಟನ್ನು ಕೈಯಲ್ಲಿ ತೂಗಿ ನೋಡಿದಳು. “ಇಷ್ಟೊಂದು ಮಾತಾಡಿದ್ದೀರಾ? ಮನೇಲಿ ಉಪ್ಪು ಸಾಕಾ ಅಂದ್ರೆ ಹೂಂ ಅನ್ನೋಕೂ ಬಾಯಿ ಬರಲ್ಲ.”

ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು. ವಾದಕ್ಕಿಳಿದು ಗೆದ್ದವರಿಲ್ಲ. ನಾನೂ ಸೇರಿ.

ಮಾರ್ಚ್ 4, ಮಧ್ಯಾಹ್ನ

ಪಕ್ಷದ ಸಚೇತಕ ಬಂದಿದ್ದ. ನನ್ನ ಮಗನ ವಯಸ್ಸಿನವನು. ಕುಳಿತಲ್ಲಿ ಕೂರುವುದಿಲ್ಲ, ಕೈಯಲ್ಲಿ ಎರಡು ಫೋನು.

ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದು ಹದಿನೆಂಟು ದಿನ. ಸತ್ತವರು ಹನ್ನೊಂದು ಮಂದಿ. ಹೊರಗಿನಿಂದ ಬೀಗ ಹಾಕಿತ್ತು. ಈಗ ಸರ್ಕಾರ ಸುರಕ್ಷತಾ ಮಸೂದೆ ತರುತ್ತಿದೆ — ಎಚ್ಚರಿಕೆ ಗಂಟೆ, ಫಲಕ, ವರ್ಷಕ್ಕೊಂದು ತಪಾಸಣೆ.

“ಯಜಮಾನ್ರೇ, ಹನ್ನೆರಡನೇ ತಾರೀಕು ನೀವೇ ಮಾತಾಡ್ಬೇಕು. ವಿರೋಧ ಪಕ್ಷದವ್ರು ಹಾರಾಡ್ತಾರೆ. ನಿಮ್ಮ ಸ್ಟೈಲಲ್ಲಿ ಎರಡು ಸಲ ನಗಿಸಿಬಿಡಿ. ನಕ್ಕ ಮೇಲೆ ಸಿಟ್ಟೆಲ್ಲಿರುತ್ತೆ?”

“ಬೀಗದ ಮಾತೇ ಇಲ್ವಲ್ಲಪ್ಪ ಇದರಲ್ಲಿ?”

“ಬೀಗ ತೆಗೆದ್ರೆ ಬಟ್ಟೆ ಕಳ್ಳತನ ಆಗುತ್ತೆ ಅಂತಾರೆ ಮಾಲೀಕರು. ಅದನ್ನ ಕೆದಕೋದು ಬೇಡ ಬಿಡಿ.”

ಆಯಿತು ಎಂದೆ. ಒಪ್ಪಿಕೊಂಡದ್ದಕ್ಕೋ ಏನೋ, ಊಟ ಸೇರಲಿಲ್ಲ.

ಮಾರ್ಚ್ 5, ಬೆಳಗ್ಗೆ 7

ಪುಟ 247.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಚರ್ಚೆ. ನನಗೆ ‘ಮಾತಿನ ಮಲ್ಲ’ ಎಂಬ ಬಿರುದು ತಂದ ಭಾಷಣ. ಹೊಲಿಗೆ ಕೆಲಸದಿಂದ ಬಂದ ಒಬ್ಬ ಸದಸ್ಯೆ ತಿದ್ದುಪಡಿ ತಂದಿದ್ದರು — ಕೆಲಸದ ಹೊತ್ತಿನಲ್ಲಿ ಯಾವ ಬಾಗಿಲಿಗೂ ಹೊರಗಿನಿಂದ ಬೀಗ ಹಾಕತಕ್ಕದ್ದಲ್ಲ. ಅಷ್ಟೇ. ಒಂದು ಸಾಲು.

ನನ್ನ ಉತ್ತರ ಅಚ್ಚಾಗಿದೆ: “ಅಧ್ಯಕ್ಷರೇ, ಮಾನ್ಯ ಸದಸ್ಯೆಗೆ ಬೀಗ ಕಂಡರೆ ಯಾಕಿಷ್ಟು ಕೋಪ? ಬೀಗರ ಮೇಲಿನ ಸಿಟ್ಟನ್ನು ಬೀಗದ ಮೇಲೆ ತೀರಿಸುತ್ತಿದ್ದಾರೆಯೇ? (ನಗು)” ಮುಂದೆ ಇನ್ನೂ ನಾಲ್ಕು ಕಡೆ (ನಗು). ಒಂದು ಕಡೆ (ದೀರ್ಘ ನಗು).

ತಿದ್ದುಪಡಿಗೆ ಬಿದ್ದದ್ದು ಒಂದೇ ಮತ. ಅವರದ್ದೇ.

ಆಮೇಲೆ ಎಲ್ಲರ ಬಾಯಲ್ಲೂ ಅವರು ‘ಬೀಗಿತ್ತಿ’. ಮುಂದಿನ ಚುನಾವಣೆಯಲ್ಲಿ ನಮ್ಮವರು ಗೋಡೆಗಳ ಮೇಲೆ ಬೀಗದ ಚಿತ್ರ ಬರೆದರು. ಆಕೆ ಸೋತರು.

ಮಾರ್ಚ್ 9

ಮೂರು ದಿನ ಬರೆಯಲಿಲ್ಲ. ಪ್ರೂಫ್ ಮುಟ್ಟಲಿಲ್ಲ. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಹತ್ತೊಂಬತ್ತು ಹೆಜ್ಜೆ...

“ಚಪ್ಪಲಿ ಸವೆಸೋದಾದ್ರೆ ಆ ಅಕ್ಕನ ಮನೆವರೆಗಾದ್ರೂ ಸವೆಸಿ” ಎಂದಳು ಇವಳು.

ನಾನು ಏನೂ ಹೇಳಿರಲಿಲ್ಲ. ಪುಟ 247 ಮೇಜಿನ ಮೇಲೇ ಇತ್ತು.

ಮಾರ್ಚ್ 10, ಸಂಜೆ

ಹೋಗಿ ಬಂದೆ. ಎರಡನೇ ಮಹಡಿ, ಕಡಿದಾದ ಮೆಟ್ಟಿಲು. ಮೂರು ಕಡೆ ನಿಂತೆ — ಏದುಸಿರೂ ಹೌದು, ಅಳುಕೂ ಹೌದು.

ಪರದೆಗೆ ಅಂಚು ಹೊಲಿಯುತ್ತಿದ್ದರು. ವಯಸ್ಸು ಎಪ್ಪತ್ತೆರಡಂತೆ. ಕನ್ನಡಕ ಮೂಗಿನ ತುದಿಯಲ್ಲಿ. ಗುರುತು ಹಿಡಿದರು, ಏಳಲಿಲ್ಲ. “ದಾರ ಮುಗಿಸ್ತೀನಿ, ಕೂತ್ಕೊಳ್ಳಿ ಅಣ್ಣಾ.”

ತಪ್ಪಾಯಿತು ಎಂದೆ. ನಲವತ್ತು ವರ್ಷದ ವಾಗ್ಮಿಯ ಬಾಯಲ್ಲಿ ಬಂದದ್ದು ಅಷ್ಟೇ.

“ಆವತ್ತು ನಾನೂ ನಕ್ಕೆ, ಗೊತ್ತಾ?” ಎಂದರು. “ಅಷ್ಟು ಜನ ನಗ್ತಿರುವಾಗ ಒಬ್ಬಳೇ ಮುಖ ಗಂಟಿಕ್ಕಿ ಕೂರೋಕೆ ಧೈರ್ಯ ಬರ್ಲಿಲ್ಲ. ನನ್ನ ಕಥೆ ಇರ್ಲಿ. ಮೊನ್ನೆ ಸತ್ತೋರಲ್ಲಿ ಇಬ್ಬರಿಗೆ ಮೆಷಿನ್ ತುಳಿಯೋಕೆ ಕಲಿಸಿದ್ದು ನಾನು.”

ಹಲ್ಲಿನಿಂದ ದಾರ ಕಡಿದರು.

“ನಿಮ್ಮ ಕ್ಷಮಾಪಣೆ ಇಟ್ಕೊಂಡು ನಾನೇನು ಮಾಡ್ಲಿ? ಆ ಸಾಲು ಸೇರಿಸಿ.”

ಮಾರ್ಚ್ 12, ಸಂಜೆ 5

ಮಾತಾಡಿದೆ.

ಎದ್ದು ನಿಂತ ಕೂಡಲೇ ನಮ್ಮ ಬೆಂಚುಗಳಲ್ಲಿ ಕಿಸಕಿಸ ಶುರು, ಮಲ್ಲ ಪಟ್ಟು ಹಾಕುತ್ತಾನೆಂದು. ಹಳೆಯ ಭಾಷಣ ಓದುತ್ತೇನೆ ಎಂದೆ. ಓದಿದೆ. ಬೀಗ, ಬೀಗರು... ನಕ್ಕರು! ಅದೇ ಜಾಗದಲ್ಲಿ, ಅಷ್ಟೇ ಜೋರಾಗಿ. ಅಧ್ಯಕ್ಷರೂ ನಕ್ಕರು.

“ಆಗಲೂ ಹೀಗೇ ನಕ್ಕಿರಿ. ನಗಿಸಿದವನು ನಾನು. ಆ ನಗುವಿನಲ್ಲಿ ಒಂದು ಸಾಲು ಸತ್ತಿತು” ಎಂದು ಹೇಳಿ ಹನ್ನೊಂದು ಹೆಸರು ಓದಿದೆ. ಯಾರೂ ಕೆಮ್ಮಲಿಲ್ಲ. ವರದಿಗಾರರು ಅದನ್ನು ಏನೆಂದು ಬರೆದುಕೊಂಡರೋ.

ಅದೇ ತಿದ್ದುಪಡಿ ಮಂಡಿಸಿದೆ. ಮುಂಚಿತವಾಗಿ ಸೂಚನೆ ಕೊಟ್ಟಿಲ್ಲ ಎಂದು ಮಂತ್ರಿ ಎದ್ದ. ಅಧ್ಯಕ್ಷರು ಒಪ್ಪಿದರೆ ಸೂಚನೆ ಬೇಕಿಲ್ಲ, ನಿಯಮ ಇದೆ ಎಂದೆ. ಅಧ್ಯಕ್ಷರಿಗೆ ಆ ನಿಯಮ ಹೇಳಿಕೊಟ್ಟವನೇ ನಾನು. ನಾಳೆ ಮತಕ್ಕೆ.

ಹೊರಗೆ ಸಚೇತಕ ತೋಳು ಹಿಡಿದ. “ಏನ್ ಯಜಮಾನ್ರೇ, ಉಂಡ ಮನೆಗೆ ಎರಡು ಬಗೆದ್ರಲ್ಲಾ! ಹೋಗೋ ಕಾಲದಲ್ಲಿ ಇದೆಲ್ಲ ಬೇಕಿತ್ತಾ?”

“ಹೋಗೋ ಕಾಲದಲ್ಲೂ ಬೇಡ ಅಂದ್ರೆ ಇನ್ನು ಯಾವಾಗಪ್ಪ?”

ತೋಳು ಬಿಟ್ಟ.

ಮಾರ್ಚ್ 13, ಮಧ್ಯಾಹ್ನ 2.30

ಸೋತೆವು. ಪರ ನಲವತ್ತೊಂದು, ವಿರುದ್ಧ ನಲವತ್ತೇಳು. ನಮ್ಮ ಪಕ್ಷದಿಂದ ನಾನೊಬ್ಬನೇ ಎಂದುಕೊಂಡಿದ್ದೆ; ಇನ್ನೂ ಮೂವರು ಕೈ ಎತ್ತಿದರು.

ಪಕ್ಷದ ನೋಟಿಸ್ ಮನೆಗೆ ನನಗಿಂತ ಮೊದಲೇ ಬಂದಿತ್ತು. ಏಳು ದಿನದಲ್ಲಿ ಉತ್ತರ. ಸದಸ್ಯತ್ವ ಹೋಗಬಹುದು. ಪುಸ್ತಕ ಬಿಡುಗಡೆ ‘ಮುಂದೂಡಲಾಗಿದೆ’.

“ಇನ್ನು ಆರು ಜನ ಒಪ್ಪಿದ್ರೆ ಸರಿಸಮ, ಏಳಾದ್ರೆ ಗೆದ್ದ ಹಾಗೆ” ಎಂದಳು ಇವಳು. “ಅಥವಾ ಆ ಕಡೆಯಿಂದ ನಾಲ್ಕೇ ಜನ ಈ ಕಡೆ ಬಂದ್ರೂ ಸಾಕು.” ಲೆಕ್ಕ ಸರಿ ಇದೆ.

ಅಕ್ಕನಿಗೆ ಫೋನ್ ಮಾಡಿದೆ. ಈ ಸಲ ನಲವತ್ತೊಂದು ಮತ ಎಂದೆ.

“ನೀವಿನ್ನೂ ಸದಸ್ಯರೇ ತಾನೇ?”

“ಏಳು ದಿನದ ಮಟ್ಟಿಗೆ.”

“ಹಾಗಾದ್ರೆ ಖಾಸಗಿ ಮಸೂದೆ ಕೊಡಬಹುದಲ್ಲ. ಬೆಳಗ್ಗೆ ಬೇಗ ಬನ್ನಿ ಅಣ್ಣಾ.”

ಮಾರ್ಚ್ 14, ಬೆಳಗ್ಗೆ 8.40

ಅಕ್ಕನ ಮನೆ. ಬೇರೆ ಕಾಗದ ತರಲು ಮರೆತೆ, ಈ ಡೈರಿಯಲ್ಲೇ ಮಸೂದೆಯ ಕರಡು. ಅವರು ಹೇಳುವುದು, ನಾನು ಬರೆಯುವುದು. ಬೀಗ ಒಂದೇ ಅಲ್ಲವಂತೆ — ಬಾಗಿಲು ಹೊರಕ್ಕೆ ತೆರೆಯಬೇಕು, ಮೆಟ್ಟಿಲ ಮೇಲೆ ಬಟ್ಟೆ ಮೂಟೆ ಇಡಬಾರದು. ಇವೆಲ್ಲ ನನಗೆ ಹೊಳೆದೇ ಇರಲಿಲ್ಲ. ಸ್ವಲ್ಪ ನಿಧಾನ ಎಂದೆ.

“ಇಪ್ಪತ್ತೊಂಬತ್ತು ವರ್ಷ ನಿಧಾನ ಆಯ್ತಲ್ಲಾ, ಸಾಲ್ದಾ? ಬರ್ಕೊಳ್ಳಿ.”

ಕಲಂ ಒಂದು. ಕೆಲಸ ನಡೆಯುವ ಯಾವುದೇ ಕೋಣೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕತಕ್ಕದ್ದಲ್ಲ.