ಅನ್ನದಾನಮ್ಮ ಕೇಳಿದ ಕಟ್ಟೆ

ಕೊಟ್ಟೂರು, ೧೯ ನವೆಂಬರ್ ೨೦೨೪, ಮಂಗಳವಾರ

ಅನ್ನದಾನಮ್ಮ ಇವತ್ತು ಕೆಲಸ ಬಿಟ್ಟು ಹೋದಳು. ನಮ್ಮ ಖಾನಾವಳಿಯಲ್ಲಿ ಹನ್ನೊಂದು ವರ್ಷ ನೆಲಕ್ಕೆ ಕೂತು ರೊಟ್ಟಿ ಬಡಿದವಳು. ನಾನೇ ಹಾಳೆಯ ಮೇಲೆ ಗೀಚಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ರೊಟ್ಟಿ ಮಷಿನ್ನಿಗೆ ಹಿಟ್ಟು ಹಾಕುತ್ತ ನಿಲ್ಲುವುದು ಅವಳಿಗೆ ಒಗ್ಗಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾರ, ಕೈ ಸುಮ್ಮನ ಇರವಲ್ವು."

ಅವಳ ಬೆನ್ನುನೋವು ನೋಡಲಾಗದೆ ಮಷಿನ್ ಮಾಡಿಸಿದೆ ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದೆ. ಹಡಗಲಿ, ಹರಪನಹಳ್ಳಿಯಿಂದ ಜನ ಬಂದು ಫೋಟೊ ಹೊಡೆದುಕೊಂಡರು. ಸುಧಾರಣೆ, ಸುಧಾರಣೆ ಎಂದು ಅವರ ಮುಂದೆ ಎಷ್ಟು ಸಲ ಅಂದೆನೋ.

ಹೊರಡುವಾಗ ಹಳೆಯ ಒಲೆಯ ಕಡೆ ನೋಡಿದಳು. "ಆವಾಗ ಕೇಳಿದ್ನಲ್ರಿ, ಸೊಂಟದ ಮಟ ಒಂದು ಕಟ್ಟಿ ಕಟ್ಟಿಸಿ ಒಲಿ ಮ್ಯಾಲಿಡ್ರಿ, ನಿಂತ್ಕೊಂಡು ಬಡೀತೀನಿ ಅಂತ." ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಕೇಳಿದ್ದಳು, ಎರಡು ಸಲ. ನಾನು ಮರೆತಿರಲಿಲ್ಲ. ಗಾರೆಯವನಿಗೆ ಒಂದು ದಿನದ ಕೆಲಸ. ಅವಳ ಬೆನ್ನೂ ಉಳಿಯುತ್ತಿತ್ತು, ಕೈಗೆ ಕೆಲಸವೂ ಉಳಿಯುತ್ತಿತ್ತು. ಸುಧಾರಣೆ ಅಂದರೆ ಅದೇ ಆಗಿತ್ತು. ನನಗೆ ಬೇಕಾಗಿದ್ದದ್ದು ಹೊಸದು, ಯಾರೂ ಮಾಡದ್ದು.

ಒಂದು ಇಟ್ಟಿಗೆ ಕಟ್ಟೆ ನೋಡಲು ಹರಪನಹಳ್ಳಿಯಿಂದ ಯಾರು ಬರುತ್ತಿದ್ದರು?