ಆಲದ ಕೊಂಬೆಗೆ ಕೂಗಿದ ದರ

ಬೋನಾಳ, ಸುರಪುರ ತಾಲೂಕು
೫ ಫೆಬ್ರವರಿ ೧೯೫೪, ಶುಕ್ರವಾರ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ಶೇಖಮ್ಮ ಪಾದ ಮುಟ್ಟಿ ಮಾಡುವ ಶರಣು.

ಮೊಣಕಾಲ ನೋವು ಹೇಗಿದೆ? ರಾಮಸಮುದ್ರದ ನೀರು ನಿಮಗೆ ಹಿಡಿಸಿತೇ? ಮರಿಲಿಂಗಮ್ಮ ಅಕ್ಕನಿಗೆ ಹೇಳಿ ರಾತ್ರಿ ಹರಳೆಣ್ಣೆ ಬಿಸಿ ಮಾಡಿಸಿಕೊಂಡು ತಿಕ್ಕಿಸಿಕೊಳ್ಳಿ. ಮಗಳ ಮನೆಯೆಂದು ಸಂಕೋಚ ಮಾಡಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಕರಿ ಆಡು ಎರಡು ಮರಿ ಹಾಕಿದೆ, ಎರಡೂ ಹೆಣ್ಣು. ನನ್ನ ತವರಿನ ಐಗಳ ಶಾಲೆಯ ನಾಲ್ಕಕ್ಷರದಲ್ಲಿ ಬರೆಯುತ್ತಿದ್ದೇನೆ, ಓದುವಾಗ ನಿಮ್ಮ ಅಳಿಯಂದಿರು ನಗದಿರಲಿ. ಖುಷಿಯ ಸುದ್ದಿಯಿದೆ ಅತ್ತಿ. ಸುರಪುರದಿಂದ ಶಹಾಪುರದ ಕಡೆ ಹೋಗುವ ದಾರಿಯ ಮರಗಳ ಕೊಂಬೆ ಕಡಿಯುವ ಗುತ್ತಿಗೆ ನಮಗೆ ಸಿಕ್ಕಿದೆ. ದರ ಕೂಗಿದ್ದು ನಾನು.

ಮೊದಲಿಂದ ಹೇಳುತ್ತೇನೆ. ಈಗ ಆ ದಾರಿಯಲ್ಲಿ ಬಸ್ಸು ಹೆಚ್ಚಾಗಿವೆ. ಬಾಗಿದ ಆಲದ ಕೊಂಬೆಗಳು ಬಸ್ಸಿನ ಮೇಲಿನ ಗಂಟು ಮೂಟೆಗಳನ್ನು ಕೆಳಗೆ ಕೆಡವುತ್ತವೆ. ಅದಕ್ಕೇ ರಸ್ತೆ ಇಲಾಖೆಯವರು ಊರೂರಿಗೆ ಡಂಗುರ ಸಾರಿಸಿದರು. ಕಡಿಮೆ ದರ ಕೂಗಿದವರಿಗೆ ಕೆಲಸ, ದಪ್ಪ ಕಟ್ಟಿಗೆ ಸರ್ಕಾರದ್ದು, ಸೊಪ್ಪು ಸದೆ ಎಲ್ಲ ಗುತ್ತಿಗೆಯವನೇ ಸಾಗಿಸಿ ದಾರಿ ಸ್ವಚ್ಛ ಮಾಡಬೇಕು. ನಿಮ್ಮ ಮಗ ಕೇಳಿದವರೇ ಕೊಡಲಿ ಮಸೆಯಲು ಕೂತರು. ಹತ್ತಿರ ಹೋಗಿ ಏನು ದರ ಹೇಳುತ್ತೀರಿ ಎಂದೆ. "ಎಲ್ಲಾರಿಗಿಂತ ಕಡಿಮಿ ಹೇಳ್ತೀನಿ. ಒಬ್ಬನ ಏರ್ತೀನಿ, ಒಬ್ಬನ ಇಳೀತೀನಿ. ಹಗ್ಗಕ್ಕ, ಕೆಳಗ ಹಿಡಿಯಾವಗ ಯಾಕ ರೊಕ್ಕ ಸುರೀಬೇಕು?" ಅಂದರು.

ಮಾವನವರೂ ಹೋದ ವರ್ಷ ಹೀಗೇ ಹೇಳಿದ್ದರಲ್ಲವೇ? ಶಹಾಪುರದ ಆ ಹುಣಸೆ ಮರವನ್ನು ಎಲ್ಲರಿಗಿಂತ ಅಗ್ಗಕ್ಕೆ ಒಪ್ಪಿಕೊಂಡು, ಕೂಲಿ ಉಳಿಸಲೆಂದು ಕೆಳಗಿನ ಆಳನ್ನು ಕಳಿಸಿಬಿಟ್ಟು, ಹೊತ್ತು ಮುಳುಗುವುದರೊಳಗೆ ಮುಗಿಸುತ್ತೇನೆಂದು ಅವಸರ ಮಾಡಿ ಬಿದ್ದರು. ಮಣ್ಣು ಮಾಡಿ ಬಂದ ದಿನ ನೀವು ಕಟ್ಟೆಯ ಮೇಲೆ ಕೂತು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: "ಮರ ಕೊಲ್ಲಲಿಲ್ಲವ್ವಾ ಅವರನ್ನ. ಆ ದರ ಕೊಂದಿತು." ಆಮೇಲೆ ಕೊಡಲಿ ಇರುವ ಮನೆಯಲ್ಲಿ ಇರಲಾರೆ ಎಂದು ನೀವು ರಾಮಸಮುದ್ರಕ್ಕೆ ಹೊರಟುಬಿಟ್ಟಿರಿ. ನಾನು ತಡೆಯಲಿಲ್ಲ, ತಡೆಯುವ ಮುಖ ನಮಗಿರಲಿಲ್ಲ.

ಅದಕ್ಕೇ ಈ ಸಲ ಗಟ್ಟಿಯಾಗಿ ನಿಂತೆ. ಹೊಸ ಹಗ್ಗದ ಬೆಲೆ, ಕೆಳಗೆ ಹಗ್ಗ ಹಿಡಿಯುವವನ ಕೂಲಿ, ಎರಡೂ ದರದಲ್ಲಿ ಕೂಡಿರಬೇಕು, ಇಲ್ಲದಿದ್ದರೆ ಕೂಗುವುದೇ ಬೇಡ ಎಂದೆ. ನಿಮ್ಮ ಮಗ ಮುನಿಸಿಕೊಂಡು ರೊಟ್ಟಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಆಡು ಹೊಡೆಯುತ್ತಾ, "ಹಂಗಾದ್ರ ನೀನ ಕೂಗು. ಅವ್ವನ ಕೈಯಾಗ ಕಲ್ತಾಕಿ ನೀನ" ಅಂದರು. ಸಿಟ್ಟಿನಿಂದ ಅಂದರೋ ಅಭಿಮಾನದಿಂದಲೋ ಈಗಲೂ ತಿಳಿದಿಲ್ಲ.

ಇಬ್ಬರೂ ಆಡುಗಳನ್ನು ಹೊಡೆದುಕೊಂಡು ಆ ದಾರಿಯುದ್ದಕ್ಕೂ ನಡೆದೆವು. ನೀವು ತೋರಿಸಿಕೊಟ್ಟಂತೆ ನಾನು ಕಾಂಡ ನೋಡಲಿಲ್ಲ, ಕೊಂಬೆ ಎತ್ತ ವಾಲಿದೆ, ಬಿದ್ದರೆ ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ಹೋದೆ. ಲೆಕ್ಕ ಹಾಕಿದಷ್ಟೂ ದರ ಮೇಲೆ ಏರುತ್ತಿತ್ತು. ಹಗ್ಗ ಸೇರಿಸಿದರೆ ನಾವು ಗೆಲ್ಲುವುದಿಲ್ಲ ಎಂದು ಮನಸ್ಸು ಕುಗ್ಗಿತು. ಆಗ ನಿಮ್ಮ ಮಗ ಪರೀಕ್ಷೆಗೆಂದು ಒಂದು ಸಣ್ಣ ಕೊಂಬೆ ಇಳಿಸಿದರು. ನಾನು ಮುಂದಿನ ಮರ ನೋಡಿ ತಿರುಗುವಷ್ಟರಲ್ಲಿ ಆಡುಗಳು ಅದನ್ನು ಬರೀ ಕಡ್ಡಿ ಮಾಡಿದ್ದವು. ಅಲ್ಲೇ ಹೊಳೆಯಿತು ಅತ್ತಿ. ಬೇರೆಯವರಿಗೆ ಆ ಸೊಪ್ಪು ಸಾಗಿಸಲು ಗಾಡಿ ಬಾಡಿಗೆ ಬೇಕು. ನಮಗೆ ಅದು ಬೇಸಿಗೆಯ ಮೇವು, ತಿನ್ನುವವು ತಾವೇ ನಡೆದು ಬರುತ್ತವೆ. ಉಳಿದ ಕಡ್ಡಿ ಒಲೆಗೆ. ಗಾಡಿಯ ಖರ್ಚು ತೆಗೆದು ಆ ಜಾಗದಲ್ಲಿ ಹಗ್ಗ ಇಟ್ಟೆ. ಇನ್ನೂರ ಅರವತ್ತು ರೂಪಾಯಿಗಿಂತ ಕೆಳಗೆ ಇಳಿಯುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ.

ನಿನ್ನೆ ಸುರಪುರದ ಕಚೇರಿ ಅಂಗಳದಲ್ಲಿ ಕೂಗು ನಡೆಯಿತು. ಹಳೆಯ ಸಂಸ್ಥಾನದ ಹಾಲಿ ರೂಪಾಯಿಯ ಲೆಕ್ಕ ಬೇಡ, ಈಗಿನ ಕಲ್ದಾರ ರೂಪಾಯಿಯಲ್ಲೇ ಹೇಳಿ ಎಂದು ಗುಮಾಸ್ತ ಮೊದಲೇ ಎಚ್ಚರಿಸಿದ. ಶಹಾಪುರದ ಸೂಗಪ್ಪ ಗುತ್ತೇದಾರ ನಾನೂರಕ್ಕೆ ಶುರು ಮಾಡಿದರು. ಮೂರು ಗಾಡಿ ಇಟ್ಟವರು, ಒಳ್ಳೆಯ ಮನುಷ್ಯರು. ಮುನ್ನೂರರ ಹತ್ತಿರ ಉಳಿದವರೆಲ್ಲ ಸುಮ್ಮನಾದರು. ಸೂಗಪ್ಪನವರೊಂದು ಹೇಳುವುದು, ನಾನೊಂದು ಹೇಳುವುದು. ಅವರು ಇನ್ನೂರ ಅರವತ್ತೈದು ಅಂದರು. ನಾನು ಅರವತ್ತು ಅಂದೆ. ಇನ್ನು ಒಂದೇ ರೂಪಾಯಿ ಅವರು ಇಳಿದರೂ ನಾನು ಎದ್ದು ಬರಬೇಕಿತ್ತು. ನಿಮ್ಮ ಮಗ ಹಿಂದಿನಿಂದ "ಐವತ್ತು ಅನ್ನು, ಐವತ್ತು ಅನ್ನು" ಎಂದು ಪಿಸುಗುಟ್ಟುತ್ತಿದ್ದರು. ನಾನು ಹಿಂದೆ ತಿರುಗಲಿಲ್ಲ. ಸೂಗಪ್ಪನವರು ಬಹಳ ಹೊತ್ತು ಬೆರಳು ಮಡಿಸಿದರು, ಬಿಚ್ಚಿದರು. ಕಡೆಗೆ, "ಬಿಡ್ರಿ ಸಾಹೇಬ್ರ, ನನಗ ಗಾಡಿ ಖರ್ಚೂ ಹೊರಡಂಗಿಲ್ಲ" ಅಂದರು.

ರಸ್ತೆ ಇಲಾಖೆಯ ಸಾಹೇಬರು ನನ್ನ ಕಡೆ ತಿರುಗಿ, "ಏನವ್ವಾ, ಸೊಪ್ಪೆಲ್ಲಾ ದಾರ್ಯಾಗ ಬಿಟ್ಟು ಹೋಗ್ತೀರೇನು?" ಎಂದು ಕೇಳಿದರು.

"ನಾವು ಬಿಟ್ಟರೂ ನಮ್ಮ ಆಡು ಬಿಡಂಗಿಲ್ರಿ" ಅಂದೆ. ಅಂಗಳವೆಲ್ಲ ನಕ್ಕಿತು. ಸೂಗಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು.

ತಿಂಥಣಿಯಲ್ಲಿ ದೋಣಿಗಳಿಗೆ ಹಗ್ಗ ಹೊಸೆಯುವ ಫಕ್ರುದ್ದೀನ ಚಾಚಾ ಕೆಳಗೆ ಹಗ್ಗ ಹಿಡಿಯಲು ಒಪ್ಪಿದ್ದಾರೆ. ಮಾವನವರ ಹೆಸರು ಎತ್ತಿದ್ದೇ ಕೂಲಿ ಎಷ್ಟೆಂದೂ ಕೇಳಲಿಲ್ಲ, ನಾನೇ ಹೇಳಿದೆ. ಬರುವ ದಾರಿಯಲ್ಲಿ ನಿಮ್ಮ ಮಗ ಮಿರ್ಚಿ ಭಜಿ ಕೊಡಿಸಿದರು. ತಿನ್ನುತ್ತಾ, "ಐವತ್ತು ಅಂದಿದ್ರ ಚಾಚಾನ ಕೂಲಿ ಬಿಡಬೇಕಾಗ್ತಿತ್ತು, ಹೌದಲ್ಲ?" ಅಂದರು. ಹೌದು ಅಂದೆ. ಆಮೇಲೆ ಮನೆ ಮುಟ್ಟುವವರೆಗೂ ನನ್ನ ಪಕ್ಕದಲ್ಲೇ ನಡೆದರು.

ಮರಿಲಿಂಗಮ್ಮ ಅಕ್ಕನಿಗೆ, ನಿಮ್ಮ ಅಳಿಯಂದಿರಿಗೆ ನನ್ನ ಶರಣು, ಮಕ್ಕಳಿಗೆ ಮುದ್ದು. ತಿಂಥಣಿಯ ಮೌನೇಶ್ವರ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ಇಂತಿ ನಿಮ್ಮ ಸೊಸೆ,
ಶೇಖಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಗುತ್ತಿಗೆ ಯಾರ ಹೆಸರಲ್ಲಿ ಬರೆಯಲಿ ಎಂದು ಗುಮಾಸ್ತ ಕೇಳಿದಾಗ ನಿಮ್ಮ ಮಗ ಹೊರಗೆ ಕಟ್ಟಿದ್ದ ಆಡು ನೋಡಲು ಹೋಗಿದ್ದರು. ಗಂಡನ ಹೆಸರು ಹೇಗೆ ಹೇಳಲಿ, ಹಣಮಮ್ಮ ಎಂದು ನಿಮ್ಮ ಹೆಸರು ಹೇಳಿಬಿಟ್ಟೆ. ಸುಳ್ಳೇಕೆ, ಅವರು ಬರುವ ತನಕ ಕಾಯಬಹುದಿತ್ತು, ಬೇಕೆಂದೇ ಕಾಯಲಿಲ್ಲ. ಬರುವ ಶುಕ್ರವಾರದೊಳಗೆ ಗುತ್ತಿಗೆ ಕಾಗದಕ್ಕೆ ಹಣಮಮ್ಮನ ಹೆಬ್ಬೆಟ್ಟು ಬೀಳದಿದ್ದರೆ ಕೆಲಸ ಸೂಗಪ್ಪನವರಿಗೆ ಹೋಗುತ್ತದೆ. ಬುಧವಾರದ ಬಸ್ಸಿಗೆ ನಿಮ್ಮ ಮಗ ಸುರಪುರದಲ್ಲಿ ಕಾಯುತ್ತಾರೆ. ನನ್ನನ್ನು ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.