ಮಾಸ್ಕಿನ ಐದು ಗಂಟೆ

ಮನೆಯಿಂದ,
೧೪ನೇ ತಾರೀಖು, ಗುರುವಾರ

ಪ್ರೀತಿಯ ತಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಸ್ಸಿನ ಕ್ಲಚ್ ಒತ್ತಿ ಒತ್ತಿ ಎಡಗಾಲು ಊದಿಕೊಳ್ಳುತ್ತದೆ ಎಂದು ನೀನು ಬರೆದಿದ್ದೆ. ಬಿಸಿನೀರಿನಲ್ಲಿ ಕಾಲಿಟ್ಟು ಕೂರು, ಸೋಮಾರಿತನ ಮಾಡಬೇಡ. ನಾನು ಇದ್ದೇನೆ. ಬೈಂಡಿಂಗ್ ಕೆಲಸಕ್ಕೆ ಕಡಿಮೆಯಿಲ್ಲ. ಗ್ರಂಥಾಲಯದವರು ಬೆನ್ನು ಕಿತ್ತುಹೋದ ನಿಘಂಟುಗಳನ್ನು ರಾಶಿ ತಂದು ಹಾಕಿದ್ದಾರೆ. ನಿನ್ನ ಅತ್ತಿಗೆ ತೀರಿಹೋಗಿ ಎಂಟು ತಿಂಗಳಾಯಿತು. ಅಂಟು ಕಾಯಿಸುವುದು ಅವಳ ಕೆಲಸವಾಗಿತ್ತು. ಈಗ ನಾನೇ ಕಾಯಿಸುತ್ತೇನೆ, ದಿನಾ ತಳ ಹಿಡಿಸುತ್ತೇನೆ.

ರಾತ್ರಿ ಮಲಗುವಾಗ ಕಟ್ಟಿಕೊಳ್ಳುವ ನಿನ್ನ ಉಸಿರಿನ ಯಂತ್ರವನ್ನು ಶನಿವಾರ ಬಾಡಿಗೆ ಅಂಗಡಿಗೆ ವಾಪಸ್ ಕೊಡುತ್ತೇನೆ ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ನನ್ನ ತಲೆ ಕೆಟ್ಟಿದೆ. “ಅಣ್ಣಾ, ಮೂರು ತಿಂಗಳು ಮೂತಿಗೆ ಕಟ್ಕೊಂಡು ನಿನಗೇ ಕೊಲೆಸ್ಟರಾಲ್ ಇಳೀಲಿಲ್ಲ, ಇನ್ನು ನನಗೆ ಇಳಿಯುತ್ತಾ” ಅಂತೀಯ. ನನ್ನನ್ನು ನೋಡಿ ಯಾಕೆ ತೀರ್ಮಾನ ಮಾಡುತ್ತೀಯ ಮಾರಾಯ? ಆ ಒಂದೇ ಕೋಣೆಯ ಶಾಲೆಯಲ್ಲಿ ನನ್ನ ಸ್ಲೇಟಿನ ತಪ್ಪು ಉತ್ತರವನ್ನೇ ನೋಡಿ ಬರೆದು, ಇಬ್ಬರೂ ಬೆಂಚಿನ ಮೇಲೆ ನಿಂತದ್ದು ಸಾಲದೇ ನಿನಗೆ?

ಯಂತ್ರದ ಮೇಲೆ ನನಗೂ ಸಿಟ್ಟಿದೆ. ಪಟ್ಟಿ ಕೆನ್ನೆಯನ್ನು ಕೊರೆಯುತ್ತದೆ, ಬಾಯಿ ಒಣಗುತ್ತದೆ. ಆದರೆ ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು: “ಇದು ಬರೀ ಗೊರಕೆ ಅಲ್ಲ, ಸ್ಲೀಪ್ ಅಪ್ನಿಯಾ. ನಿದ್ದೇಲಿ ಮತ್ತೆ ಮತ್ತೆ ಉಸಿರು ನಿಂತು ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ. ಅದರಿಂದ ಮೈಯೊಳಗೆ ಕೊಬ್ಬಿನ ವ್ಯವಹಾರನೂ ಕೆಡಬಹುದು. ಇದು ಸರಿಹೋದ್ರೆ ಕೊಲೆಸ್ಟರಾಲ್ ಸ್ವಲ್ಪ ಇಳಿಯಬಹುದು, ಎಲ್ಲರಿಗೂ ಇಳಿಯುತ್ತೆ ಅಂತ ಹೇಳಲ್ಲ. ಮಾತ್ರೆ ಮಾತ್ರ ಬಿಡಬೇಡಿ.” ಹೋದ ವಾರ ಮತ್ತೆ ರಕ್ತ ಕೊಟ್ಟೆ. ಕೆಟ್ಟ ಕೊಲೆಸ್ಟರಾಲ್ ನೂರ ಎಪ್ಪತ್ತೆರಡು ಇದ್ದದ್ದು ನೂರ ಎಪ್ಪತ್ತೊಂದು. ಡಾಕ್ಟರು ಯಂತ್ರದ ಲೆಕ್ಕ ತೆಗೆದು ನೋಡಿದರು. “ದಿನಕ್ಕೆ ಐದು ಗಂಟೆ ಹಾಕಿದ್ದೀರಿ, ಭೇಷ್. ಆದ್ರೂ ಯಾಕೆ ಜಗ್ಗಲಿಲ್ಲ ಇದು?” ಎಂದು ಹಣೆ ಉಜ್ಜಿಕೊಂಡು ಮಾತ್ರೆ ಹೆಚ್ಚಿಸಿದರು. ನಾನು ನನ್ನ ಚಪ್ಪಲಿ ನೋಡುತ್ತಾ ಕೂತಿದ್ದೆ.

ಸಿಗ್ನಲ್ಲಿನಲ್ಲಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ, ಹಿಂದಿನ ಲಾರಿಯವನು ಹಾರ್ನ್ ಹೊಡೆದು ಎಬ್ಬಿಸಿದ ಎಂದು ಹಿಂದೊಮ್ಮೆ ನೀನು ತಮಾಷೆಯಾಗಿ ಬರೆದಿದ್ದೆ. ನಗುವ ಮಾತೇ ಅದು? ನಿನ್ನ ಬೆನ್ನ ಹಿಂದೆ ಐವತ್ತು ಜನ ಕೂತಿರುತ್ತಾರೆ. ಯಂತ್ರ ತಂದ ಮೇಲೆ ಹಗಲಿನ ತೂಕಡಿಕೆ ಕಡಿಮೆಯಾಗಿದೆ ಎಂದು ಬರೆದವನೂ ನೀನೇ. ಕೊಲೆಸ್ಟರಾಲ್ ಇಳಿಯಲಿ ಬಿಡಲಿ, ಅದೊಂದೇ ಸಾಲದೇ? ನಿನಗೆ ಬುದ್ಧಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನನಗಿಂತ ಹೆಚ್ಚು ವರ್ಷ ಬಾಳು.

ನಿನ್ನ ಅಣ್ಣ

ತಾ.ಕ.: ಕೊರಿಯರಿನವರು ಬಾಗಿಲಲ್ಲಿ ನಿಂತಿದ್ದಾರೆ, ಗೀಚುತ್ತಿದ್ದೇನೆ. ಆ ಐದು ಗಂಟೆ ಸುಳ್ಳು. ಮಧ್ಯಾಹ್ನ ಮಾಸ್ಕ್ ಕಟ್ಟಿಕೊಂಡು, ಎಚ್ಚರವಾಗಿಯೇ, ನಿಘಂಟು ಹೊಲಿಯುತ್ತಾ ಕೂರುತ್ತಿದ್ದೆ. ಯಂತ್ರ ಗಂಟೆ ಎಣಿಸಿತು; ಅದು ಯಾವ ಹೊತ್ತು ಎಂದು ಡಾಕ್ಟರು ನೋಡಲಿಲ್ಲ. ರಾತ್ರಿ ಒಂದು ದಿನವೂ ಹಾಕಿಲ್ಲ. ನನ್ನ ಉಸಿರು ನಿಂತಾಗಲೆಲ್ಲ ನಿನ್ನ ಅತ್ತಿಗೆ ಮೊಣಕೈಯಿಂದ ತಿವಿದು, “ಉಸಿರಾಡ್ರೀ, ನನ್ನನ್ನೂ ಸ್ವಲ್ಪ ಮಲಗೋಕೆ ಬಿಡ್ರೀ” ಅನ್ನುತ್ತಿದ್ದಳು. ಅವಳ ಆ ಕೆಲಸವನ್ನು ಒಂದು ಡಬ್ಬಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಇದನ್ನು ಹೇಳಲೆಂದೇ ಎರಡು ಸಲ ಫೋನ್ ಮಾಡಿ, ಮಳೆ ಬಿಸಿಲಿನ ಮಾತಾಡಿ ಇಟ್ಟುಬಿಟ್ಟೆ. ನಾಳೆ ಡಾಕ್ಟರ ಹತ್ತಿರವೂ ಒಪ್ಪಿಕೊಳ್ಳುತ್ತೇನೆ. ಯಂತ್ರದಿಂದ ನನಗೆ ಏನೂ ಆಗಲಿಲ್ಲ ಅಂತಲ್ಲ, ನಾನು ಅದನ್ನು ಬಳಸಲೇ ಇಲ್ಲ. ಶನಿವಾರ ಅಂಗಡಿಗೆ ಹೋಗಬೇಡ. ನಾನು ಇವತ್ತಿನಿಂದ ಕಟ್ಟಿಕೊಂಡು ಮಲಗುತ್ತೇನೆ. ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳು, ನಾನು ತಡವರಿಸಿದರೆ ಅಣ್ಣ ಅಂತ ನೋಡದೆ ಬೈ.